ಮರಣದಂಡನೆಯೂ ಧರ್ಮಶ್ರದ್ಧೆಯೂ

ಕೊಂದವನನ್ನು ಕೊಲ್ಲುವ ಅಧಿಕಾರ ಪ್ರಭುತ್ವಕ್ಕೆ ಉಂಟೇ ಎಂಬುದನ್ನು ಸಾಮಾನ್ಯವಾಗಿ ನಾವು ನ್ಯಾಯಶಾಸ್ತ್ರದ ಪ್ರಶ್ನೆಯೆಂದೇ ಎಣಿಸುತ್ತೇವೆ. ಇಟಲಿಯ ಬೆಕಾರಿಯಾ 1764ರಲ್ಲಿ ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತ ತನ್ನ ಚಿಕ್ಕ ಗ್ರಂಥವನ್ನು ಪ್ರಕಟಿಸಿದಂದಿನಿಂದ ಈ ಚರ್ಚೆ ಬೆಳೆದುದು ಬಹುಮಟ್ಟಿಗೆ ಲೋಕೋಪಯೋಗದ ನೆಲೆಯಲ್ಲಿ. ಗಲ್ಲಿನ ಭಯದಿಂದ ಕೊಲೆಗಳು ಕಡಿಮೆಯಾಗುವುವೇ, ಆಜೀವ ಸೆರೆವಾಸ ಸಾಲದೇ, ನಿರಪರಾಧಿಯನ್ನು ನೇಣಿಗೇರಿಸಿದರೆ ಆ ತಪ್ಪನ್ನು ತಿದ್ದುವ ಬಗೆ ಯಾವುದು ಎಂಬ ಪ್ರಶ್ನೆಗಳು ಅಲ್ಲಿ ಏಳುತ್ತವೆ. ಇವು ತಳ್ಳಿಹಾಕುವಂಥವಲ್ಲ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಕಳೆದ ನಾಲ್ಕು ದಶಕಗಳಿಂದ ಹರಿದುಬಂದ ಮರಣದಂಡನೆ ವಿರೋಧದ ಒಂದು ಮುಖ್ಯ ಧಾರೆಯ ಮೂಲವನ್ನು ಹುಡುಕುತ್ತ ಹೋದರೆ, ಒಬ್ಬ ಕ್ರೈಸ್ತ ಸಂನ್ಯಾಸಿನಿ ಒಬ್ಬ ಕೊಲೆಗಾರನಿಗೆ ಬರೆದ ಕಾಗದ ನಮಗೆ ಸಿಗುತ್ತದೆ. ಆ ಕಾಗದ ಆಕೆಯನ್ನು ಎಲ್ಲಿಗೆ ಕೊಂಡೊಯ್ದಿತು, ಆಕೆಯ ಧರ್ಮಸಭೆಯ ಬೋಧೆಯನ್ನು ಹೇಗೆ ಸೋಕಿತು ಎಂಬುದನ್ನು ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಧರ್ಮಗಳೆಲ್ಲ ದಯೆಯನ್ನು ಬೋಧಿಸುತ್ತವೆ, ಆದುದರಿಂದ ಧರ್ಮನಿಷ್ಠರೆಲ್ಲ ಮರಣದಂಡನೆಯ ವಿರೋಧಿಗಳು ಎಂದು ಯಾರಾದರೂ ಹೇಳಿದರೆ ಅದು ಚರಿತ್ರೆಗೆ ಒಪ್ಪುವ ಮಾತಲ್ಲ. ಕ್ರೈಸ್ತಧರ್ಮದ ಲಾಂಛನವೇ ಶಿಲುಬೆ. ರೋಮನ್ ಪ್ರಭುತ್ವ ಅಪರಾಧಿಗಳನ್ನು ಕೊಲ್ಲಲು ಬಳಸುತ್ತಿದ್ದ ಸಾಧನ ಅದು. ಏಸುಕ್ರಿಸ್ತ ದಂಡನೆಗೆ ಗುರಿಯಾಗಿ ಸತ್ತವನು. ಎಳೆಹೂಟೆಯ ಶಿಕ್ಷೆಗೆ ಗುರಿಯಾದ ಹರಳಯ್ಯ ಮಧುವರಸರನ್ನು ನೆನೆಯುವ ನಮ್ಮ ಓದುಗರಿಗೆ ಈ ಭಾವ ಹೊಸದೇನೂ ಅಲ್ಲ. ಆದರೂ ಶಿಲುಬೆಯನ್ನು ಪೂಜಿಸಿದ ಧರ್ಮಸಭೆಯೇ ಶತಮಾನಗಳ ಕಾಲ ಶಿರಚ್ಛೇದವನ್ನೂ ನೇಣನ್ನೂ ಸಮರ್ಥಿಸಿತು. ಹದಿಮೂರನೆಯ ಶತಮಾನದ ಮಹಾಪಂಡಿತ ಸಂತ ಥಾಮಸ್ ಅಕ್ವೈನಾಸ್ ಕೊಟ್ಟ ದೃಷ್ಟಾಂತ ಪ್ರಸಿದ್ಧವಾದುದು. ಕೊಳೆತ ಅಂಗವನ್ನು ದೇಹದ ಹಿತಕ್ಕಾಗಿ ವೈದ್ಯನು ಕತ್ತರಿಸುವಂತೆ, ಸಮಾಜಕ್ಕೆ ಅಪಾಯಕಾರಿಯಾದವನನ್ನು ಪ್ರಭುವು ತೆಗೆದುಹಾಕಬಹುದು ಎಂಬುದು ಅವನ ನಿಲುವು. ಪೋಪರು ಅರಸರಾಗಿಯೂ ಇದ್ದ ಕಾಲದಲ್ಲಿ ರೋಮಿನಲ್ಲಿ ಅವರದೇ ಒಬ್ಬ ಕೊಲೆಯಾಳಿದ್ದ. ಜನ ಅವನನ್ನು ಮಾಸ್ತ್ರೋ ತಿತ್ತಾ ಎಂದು ಕರೆಯುತ್ತಿದ್ದರು. 1796ರಿಂದ 1864ರವರೆಗಿನ ತನ್ನ ಸೇವಾವಧಿಯಲ್ಲಿ ಅವನು 500ಕ್ಕೂ ಹೆಚ್ಚು ಜನರನ್ನು ಕೊಂದುದಕ್ಕೆ ಅವನದೇ ಲೆಕ್ಕವಿದೆ. 1929ರಲ್ಲಿ ವ್ಯಾಟಿಕನ್ ನಗರ ರಾಜ್ಯವಾದಾಗ ಪೋಪರ ಪ್ರಾಣಕ್ಕೆ ಕೈಹಾಕಿದವನಿಗೆ ಮರಣದಂಡನೆಯೆಂಬ ವಿಧಿಯಿತ್ತು. ಒಮ್ಮೆಯೂ ಬಳಕೆಯಾಗದೆ ಅದು 1969ರಲ್ಲಿ ರದ್ದಾಯಿತು.

ಧರ್ಮಗ್ರಂಥವೂ ಎರಡು ಪಕ್ಷಗಳಿಗೂ ಆಧಾರ ಒದಗಿಸುತ್ತದೆ. ಹಳೆಯ ಒಡಂಬಡಿಕೆಯಲ್ಲಿ ರಕ್ತ ಸುರಿಸಿದವನ ರಕ್ತ ಸುರಿಯಬೇಕೆಂಬ ವಿಧಿಯಿದೆ. ಅದೇ ಆದಿಕಾಂಡದಲ್ಲಿ, ತಮ್ಮನನ್ನು ಕೊಂದ ಕಾಯಿನನನ್ನು ಯಾರೂ ಕೊಲ್ಲದಿರಲೆಂದು ದೇವರು ಅವನ ಮೇಲೆ ಗುರುತು ಹಾಕಿದ ಕಥೆಯೂ ಇದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಧಿಕಾರಿಯ ಕೈಯ ಖಡ್ಗಕ್ಕೆ ಮಾನ್ಯತೆಯಿದೆ. ಕಲ್ಲೆಸೆದು ಕೊಲ್ಲಲು ಎಳೆತಂದ ಹೆಂಗಸನ್ನು ಏಸು ಉಳಿಸಿದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ. ಅಮೆರಿಕದ ದಕ್ಷಿಣ ಬ್ಯಾಪ್ಟಿಸ್ಟ್ ಸಭೆ 2000ದಲ್ಲಿ ಮರಣದಂಡನೆಯನ್ನು ಬೆಂಬಲಿಸಿ ನಿರ್ಣಯ ಮಾಡಿದುದು ಇದೇ ಗ್ರಂಥದ ಬಲದಿಂದ. ಇದನ್ನು ಬಲ್ಲವರಿಗೆ ಒಂದು ಸಂಗತಿ ಹೊಳೆಯದಿರದು. ಇಂಥಲ್ಲಿ ವಚನಕ್ಕೆ ಪ್ರತಿವಚನ ಹೇಳುವುದರಿಂದ ವಿವಾದ ಮುಗಿಯುವುದಿಲ್ಲ. ಗ್ರಂಥವನ್ನು ಯಾವ ಸ್ಥಳದಲ್ಲಿ ಕುಳಿತು ಓದುತ್ತೇವೆ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ನಾವು ಹೇಳಹೊರಟ ಸಂನ್ಯಾಸಿನಿ ಕುಳಿತು ಓದಿದ ಸ್ಥಳ ಸೆರೆಮನೆ.

ಹೆಲೆನ್ ಪ್ರೆಜಾನ್ ಅವರು 1939ರಲ್ಲಿ ಅಮೆರಿಕದ ದಕ್ಷಿಣ ಭಾಗದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ ಜನಿಸಿದರು. ತಂದೆ ವಕೀಲರು, ಅನುಕೂಲಸ್ಥ ಮನೆತನ. 1957ರಲ್ಲಿ ಸಂತ ಜೋಸೆಫರ ಸೋದರಿಯರ ಸಂಘಕ್ಕೆ ಸೇರಿ ಸಂನ್ಯಾಸ ಸ್ವೀಕರಿಸಿದ ಅವರು ಬಹುಕಾಲ ಶಾಲೆಯ ಉಪಾಧ್ಯಾಯಿನಿಯಾಗಿದ್ದರು. ಅಲ್ಲಿಯವರೆಗಿನ ತಮ್ಮ ಬದುಕನ್ನು ಕುರಿತು ಅವರು ಬರೆದುಕೊಂಡಿರುವುದನ್ನು ಓದಿದಾಗ, ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಅದು ಅಪರಿಚಿತವೆನಿಸಲಿಲ್ಲ. ಪಾಠ, ಪ್ರಾರ್ಥನೆ, ಪರೀಕ್ಷೆ, ಮತ್ತೆ ಪಾಠ. ಬಡವರ ವಿಷಯ ಪುಸ್ತಕದಲ್ಲಿತ್ತು, ಬಡವರು ಬೀದಿಯ ಆಚೆಗಿದ್ದರು. 1980ರಲ್ಲಿ ತಮ್ಮ ಸಂಘದ ಸಭೆಯೊಂದರಲ್ಲಿ ಏಸುವಿನ ಉಪದೇಶಕ್ಕೂ ಬಡವರಿಗೂ ಇರುವ ಸಂಬಂಧವನ್ನು ಕುರಿತ ಉಪನ್ಯಾಸ ಕೇಳಿದ ಮೇಲೆ ಅವರ ಮನಸ್ಸು ತಿರುಗಿತು. ಮರುವರ್ಷ ನ್ಯೂ ಆರ್ಲಿಯನ್ಸ್ ನಗರದ ಸೇಂಟ್ ಥಾಮಸ್ ಎಂಬ ಕರಿಯ ಬಡವರ ಸರಕಾರೀ ವಸತಿಗೆ ಹೋಗಿ ಅಲ್ಲಿಯೇ ನೆಲೆಸಿದರು.

ಆ ವಸತಿಯಲ್ಲಿದ್ದಾಗ, 1982ರಲ್ಲಿ, ಕೈದಿಗಳ ಪರವಾಗಿ ದುಡಿಯುತ್ತಿದ್ದ ಪರಿಚಿತರೊಬ್ಬರು ಮರಣದಂಡನೆಗೆ ಗುರಿಯಾದ ಒಬ್ಬನಿಗೆ ಕಾಗದ ಬರೆಯುವಿರಾ ಎಂದು ಕೇಳಿದರು. ಸಿಸ್ಟರ್ ಹೆಲೆನ್ ಒಪ್ಪಿದರು. ಕಾಗದ ಬರೆಯುವುದಕ್ಕಿಂತ ಹೆಚ್ಚಿನದೇನೂ ಅದರಲ್ಲಿರಬಹುದೆಂದು ಅವರು ಊಹಿಸಿರಲಿಲ್ಲ. ಆ ಕೈದಿಯ ಹೆಸರು ಎಲ್ಮೋ ಪ್ಯಾಟ್ರಿಕ್ ಸೊನಿಯೆ. 1977ರ ನವೆಂಬರಿನ ಒಂದು ರಾತ್ರಿ ಅವನೂ ಅವನ ತಮ್ಮನೂ ಹದಿಹರೆಯದ ಹುಡುಗ ಹುಡುಗಿಯರಿಬ್ಬರನ್ನು ಕಾವಲು ಅಧಿಕಾರಿಗಳೆಂದು ನಂಬಿಸಿ ಒಯ್ದು, ಹುಡುಗಿಯ ಮೇಲೆ ಅತ್ಯಾಚಾರವೆಸಗಿ, ಇಬ್ಬರನ್ನೂ ನೆಲಕ್ಕೆ ಬೋರಲು ಮಲಗಿಸಿ ಗುಂಡಿಕ್ಕಿದ್ದರು. ಈ ವಿವರವನ್ನು ಬಿಟ್ಟು ಮುಂದೆ ಹೋಗುವುದು ಸುಲಭ, ಆದರೆ ಬಿಡಬಾರದು. ಸಿಸ್ಟರ್ ಹೆಲೆನ್ ಅವರೇ ತಮ್ಮ ಗ್ರಂಥದಲ್ಲಿ ಅದನ್ನು ಬಿಟ್ಟಿಲ್ಲ. ದಂಡನೆಯನ್ನು ವಿರೋಧಿಸುವವರು ಅಪರಾಧದ ಭೀಕರತೆಯನ್ನು ಮೃದುಗೊಳಿಸಿ ಹೇಳಿದರೆ ಅವರ ವಾದವನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಸೊನಿಯೆ ಇದ್ದುದು ಅಂಗೋಲಾ ಎಂಬ ಹೆಸರಿನ ಲೂಸಿಯಾನಾ ರಾಜ್ಯ ಸೆರೆಮನೆಯಲ್ಲಿ. 18,000 ಎಕರೆಗಳ ಆ ಸ್ಥಳ ಹಿಂದೆ ಗುಲಾಮರು ದುಡಿಯುತ್ತಿದ್ದ ತೋಟವಾಗಿತ್ತು. ಆಫ್ರಿಕದ ಯಾವ ನೆಲದಿಂದ ಆ ಗುಲಾಮರನ್ನು ತಂದಿದ್ದರೋ ಆ ನೆಲದ ಹೆಸರೇ ಅದಕ್ಕೆ ಅಂಟಿತು. ತನ್ನನ್ನು ನೋಡಲು ಯಾರೂ ಬರುವುದಿಲ್ಲವೆಂದು ಕೈದಿ ಬರೆದಾಗ ಸಿಸ್ಟರ್ ಹೆಲೆನ್ ತಾವು ಬರುವುದಾಗಿ ತಿಳಿಸಿದರು. ಭೇಟಿಗೆ ಬರುವವರ ಪಟ್ಟಿಯಲ್ಲಿ ಅವರ ಹೆಸರು ಆಧ್ಯಾತ್ಮಿಕ ಸಲಹೆಗಾರರು ಎಂಬ ವರ್ಗದಲ್ಲಿ ಸೇರಿತು. ಆ ಪದವಿಗಿರುವ ಅರ್ಥ ಅವರಿಗೆ ತಿಳಿದುದು ಆಮೇಲೆ. ಬಂಧುಗಳೆಲ್ಲ ದಂಡನೆಯ ದಿನ ಸಂಜೆ ಸೆರೆಮನೆಯಿಂದ ಹೊರಡಬೇಕು; ಆಧ್ಯಾತ್ಮಿಕ ಸಲಹೆಗಾರರು ಮಾತ್ರ ಕೊನೆಯ ಗಳಿಗೆಯವರೆಗೂ ಕೈದಿಯ ಜೊತೆಗಿರಬಹುದು.

1984ರ ಏಪ್ರಿಲ್ 5ರಂದು, ನಡುರಾತ್ರಿ ಕಳೆದ ಕೂಡಲೆ, ಸೊನಿಯೆಯನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ಅದಕ್ಕೆ ಮುಂಚಿನ ಗಂಟೆಗಳನ್ನು ಸಿಸ್ಟರ್ ಹೆಲೆನ್ ಅವನೊಡನೆ ಕಳೆದರು. ಕುರ್ಚಿಯವರೆಗೆ ನಡೆದುಹೋಗಲು ತನ್ನ ಕಾಲುಗಳಲ್ಲಿ ಬಲವಿರುವಂತೆ ದೇವರನ್ನು ಪ್ರಾರ್ಥಿಸಬೇಕೆಂದು ಅವನು ಅವರನ್ನು ಬೇಡಿಕೊಂಡ. ಸಾಯುವಾಗ ತಮ್ಮ ಮುಖವನ್ನು ನೋಡುವಂತೆ ಅವರು ಅವನಿಗೆ ಹೇಳಿದ್ದರು. ಅವನನ್ನು ದ್ವೇಷಿಸದ ಒಂದು ಮುಖವಾದರೂ ಆ ಕೋಣೆಯಲ್ಲಿರಲಿ ಎಂಬುದು ಅವರ ಇಚ್ಛೆ. ಅವನು ಸತ್ತ ಮೇಲೆ ಸಂನ್ಯಾಸಿನಿಯರು ತಮ್ಮ ಸಂಘದ ಸ್ಮಶಾನದಲ್ಲಿಯೇ ಅವನಿಗೆ ಜಾಗ ಕೊಟ್ಟರು. ತಪಸ್ವಿನಿಯರ ಸಮಾಧಿಗಳ ನಡುವೆ ಒಬ್ಬ ಕೊಲೆಗಾರನ ಸಮಾಧಿ! ಇದನ್ನು ಆಗಲೂ ಅನೇಕರು ಖಂಡಿಸಿದರು.

ಅದೇ ವರ್ಷದ ಡಿಸೆಂಬರ್ 28ರಂದು ರಾಬರ್ಟ್ ಲೀ ವಿಲ್ಲಿ ಎಂಬ ಮತ್ತೊಬ್ಬ ಕೊಲೆಗಾರನ ದಂಡನೆಯನ್ನೂ ಸಿಸ್ಟರ್ ಹೆಲೆನ್ ಹತ್ತಿರದಲ್ಲಿದ್ದು ಕಂಡರು. ಸೊನಿಯೆಯಲ್ಲಿದ್ದ ಪಶ್ಚಾತ್ತಾಪ ಈತನಲ್ಲಿ ಸುಲಭವಾಗಿ ಕಾಣುವಂಥದಾಗಿರಲಿಲ್ಲ. ಈ ಎರಡು ಸಾವುಗಳ ನಡುವೆ ಅವರಿಗೆ ಅರಿವಾದ ಇನ್ನೊಂದು ಸಂಗತಿಯಿದೆ. ದಂಡನೆಯನ್ನು ಜಾರಿಗೊಳಿಸುವ ಸೆರೆಮನೆಯ ನೌಕರರೂ ಅದರಿಂದ ಗಾಸಿಗೊಳ್ಳುತ್ತಾರೆ. ಅಲ್ಲಿಯ ಅಧಿಕಾರಿಯೊಬ್ಬರು ಇನ್ನು ತಮ್ಮಿಂದ ಇದು ಸಾಧ್ಯವಿಲ್ಲವೆಂದು ಅವರ ಮುಂದೆ ತೋಡಿಕೊಂಡರು. ಹಗಲೆಲ್ಲ ಕೈದಿಗಳಿಗೆ ಊಟವಾಯಿತೇ ಎಂದು ವಿಚಾರಿಸುವವರೇ ಒಂದು ರಾತ್ರಿ ಅವರಲ್ಲೊಬ್ಬನನ್ನು ಕುರ್ಚಿಗೆ ಬಿಗಿಯಬೇಕು. ಕಾನೂನಿನ ಪುಸ್ತಕದಲ್ಲಿ ದಂಡಿಸುವುದು ಪ್ರಭುತ್ವ. ಕೋಣೆಯೊಳಗೆ ಪಟ್ಟಿ ಬಿಗಿಯುವುದು ಯಾರದೋ ಕೈ.

ಈಗ ನಾನು ಈ ವೃತ್ತಾಂತದ ಅತ್ಯಂತ ಕಠಿಣವಾದ ಭಾಗಕ್ಕೆ ಬರುತ್ತೇನೆ. ಕೊಲೆಯಾದ ಮಕ್ಕಳ ತಂದೆತಾಯಿಗಳ ಬಳಿಗೆ ಸಿಸ್ಟರ್ ಹೆಲೆನ್ ಮೊದಲಿಗೆ ಹೋಗಲಿಲ್ಲ. ಕೊಲೆಗಾರನ ಪಕ್ಷದಲ್ಲಿರುವ ತಾವು ಅವರ ಮನೆಯ ಬಾಗಿಲಿಗೆ ಹೋದರೆ ಅವರ ಗಾಯವನ್ನು ಕೆದಕಿದಂತಾದೀತೆಂದು ಅವರು ಹಿಂಜರಿದರು. ಅವರ ಸಿಟ್ಟಿಗೆ ಹೆದರಿದರು ಕೂಡ. ಕ್ಷಮಾದಾನ ಮಂಡಲಿಯ ವಿಚಾರಣೆಯ ದಿನ ಆ ಹುಡುಗನ ತಂದೆ ಅವರನ್ನು ಕಂಡು ನೇರವಾಗಿ ಆಕ್ಷೇಪಿಸಿದರು. ಇಷ್ಟು ದಿನ ನೀವು ಆ ಅಣ್ಣತಮ್ಮಂದಿರನ್ನು ನೋಡುತ್ತಿದ್ದಿರಿ, ನಮ್ಮಲ್ಲಿಗೆ ಒಮ್ಮೆಯೂ ಬರಲಿಲ್ಲ, ನಮಗೆ ಯಾರಿದ್ದರು ಎಂಬುದು ಅವರ ಮಾತಿನ ಸಾರ. ಅವರೂ ಕಥೋಲಿಕರೇ. ಈ ಆಕ್ಷೇಪಕ್ಕೆ ಸಿಸ್ಟರ್ ಹೆಲೆನ್ ಬಳಿ ಉತ್ತರವಿರಲಿಲ್ಲ. ಅದು ತಮ್ಮ ದೊಡ್ಡ ತಪ್ಪೆಂದು, ಹೇಡಿತನವೆಂದು ಅವರು ಅನಂತರ ಬರೆದರು, ಸಾವಿರಾರು ಸಭೆಗಳಲ್ಲಿ ಹೇಳಿದರು.

ನಮ್ಮೂರಿನ ಅಧ್ಯಯನ ಗೋಷ್ಠಿಯಲ್ಲಿ ಒಮ್ಮೆ ಈ ಪ್ರಸಂಗವನ್ನು ನಾನು ವಿವರಿಸಿದಾಗ, ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ಅಹಿಂಸೆಯನ್ನು ಬೋಧಿಸುವವರು ಯಾವಾಗಲೂ ಪರರ ಮನೆಯ ಹೆಣವನ್ನು ಮುಂದಿಟ್ಟುಕೊಂಡೇ ಬೋಧಿಸುತ್ತಾರೆ ಎಂದರು. ಅವರ ಮನೆಯಲ್ಲಿ ಅಂಥದೊಂದು ಸಾವು ಆಗಿತ್ತೆಂಬುದು ನನಗೆ ಗೊತ್ತಿತ್ತು. ನಾನು ಅಂದು ಸುಮ್ಮನೆ ಕುಳಿತೆ. ಮರಣದಂಡನೆಯನ್ನು ಕುರಿತು ಮಾತಾಡುವ ಯಾರೇ ಆಗಲಿ ಈ ಮಾತನ್ನು ದಾಟಿ ಹೋಗಲಾರರು. ದಾಟದೆ ಅದರೆದುರು ನಿಂತುದೇ ಸಿಸ್ಟರ್ ಹೆಲೆನ್ ಅವರ ಕಾರ್ಯಕ್ಕೆ ಅದರ ನಿಜವಾದ ತೂಕವನ್ನು ತಂದುಕೊಟ್ಟಿತೆಂದು ನಾನು ತಿಳಿಯುತ್ತೇನೆ. ಅವರು ನ್ಯೂ ಆರ್ಲಿಯನ್ಸಿನಲ್ಲಿ ಕೊಲೆಯಾದವರ ಕುಟುಂಬಗಳಿಗಾಗಿ ‘ಸರ್ವೈವ್’ ಎಂಬ ಸಂಘವನ್ನು ಆರಂಭಿಸಿದರು. ವಿಲ್ಲಿ ಕೊಂದ ಹುಡುಗಿಯ ತಾಯಿಯೂ ಮಲತಂದೆಯೂ ಮರಣದಂಡನೆಯನ್ನು ಬಹಿರಂಗವಾಗಿ ಒತ್ತಾಯಿಸುತ್ತಿದ್ದವರು. ಅವರ ಮನೆಗೂ ಹೋಗಿ, ಅವರೊಡನೆ ಉಂಡು, ಅವರ ದುಃಖವನ್ನು ಕೇಳಿದರು. ಆ ದಂಪತಿಗಳು ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ, ಸಿಸ್ಟರ್ ಹೆಲೆನ್ ಅವರೂ ಬದಲಿಸಲಿಲ್ಲ. ಆದರೂ ಹೋಗಿಬರುವುದು ನಿಲ್ಲಲಿಲ್ಲ.

ಒಬ್ಬ ಸಂನ್ಯಾಸಿನಿಯ ಅನುಭವ ಸಾರ್ವಜನಿಕ ಚಳವಳಿಯಾದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1984ರಲ್ಲಿ ಅವರು ಸಂಗಡಿಗರೊಡನೆ ನ್ಯೂ ಆರ್ಲಿಯನ್ಸಿನಿಂದ ರಾಜಧಾನಿ ಬ್ಯಾಟನ್ ರೂಜಿಗೆ ಪಾದಯಾತ್ರೆ ಮಾಡಿದರು. 1993ರಲ್ಲಿ ‘ಡೆಡ್ ಮ್ಯಾನ್ ವಾಕಿಂಗ್’ ಎಂಬ ಅವರ ಗ್ರಂಥ ಹೊರಬಂತು. 1995ರಲ್ಲಿ ಟಿಮ್ ರಾಬಿನ್ಸ್ ಅದನ್ನು ಚಲನಚಿತ್ರ ಮಾಡಿದರು. ಸಂನ್ಯಾಸಿನಿಯ ಪಾತ್ರ ವಹಿಸಿದ ಸೂಸನ್ ಸರಾಂಡನ್ ಅವರಿಗೆ ಆಸ್ಕರ್ ಪ್ರಶಸ್ತಿ ಬಂದಿತು. 2000ದ ಡಿಸೆಂಬರಿನಲ್ಲಿ, ರೋಮಿನ ಸಂತ್ ಎಜಿದಿಯೋ ಎಂಬ ಕಥೋಲಿಕ ಗೃಹಸ್ಥ ಭಕ್ತರ ಸಮುದಾಯದೊಡನೆಯೂ ಆಮ್ನೆಸ್ಟಿ ಸಂಸ್ಥೆಯೊಡನೆಯೂ ಸೇರಿ, ಮರಣದಂಡನೆಯನ್ನು ತಡೆಹಿಡಿಯಬೇಕೆಂದು ಕೋರುವ 30 ಲಕ್ಷಕ್ಕೂ ಹೆಚ್ಚು ಸಹಿಗಳನ್ನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರಿಗೆ ಒಪ್ಪಿಸಿದರು. 2007ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅದೇ ಅರ್ಥದ ನಿರ್ಣಯವನ್ನು 104 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದ 54 ಮತಗಳಲ್ಲಿ ಭಾರತದ ಮತವೂ ಒಂದು.

ಸಂತ್ ಎಜಿದಿಯೋ ಸಮುದಾಯ 2002ರಿಂದ ಪ್ರತಿವರ್ಷ ನವೆಂಬರ್ 30ರಂದು ನಗರಗಳಲ್ಲಿ ದೀಪ ಬೆಳಗಿಸುವ ಪರಿಪಾಠ ಇಟ್ಟುಕೊಂಡಿದೆ. 1786ರ ಆ ದಿನ ಟಸ್ಕನಿಯ ಪ್ರಭು ಲಿಯೊಪೋಲ್ಡನು ತನ್ನ ರಾಜ್ಯದಲ್ಲಿ ಮರಣದಂಡನೆಯನ್ನು ರದ್ದುಮಾಡಿದನು. ಒಂದು ಕಾಲಕ್ಕೆ ಸಾವನ್ನು ವಿನೋದವಾಗಿ ನೋಡುತ್ತಿದ್ದ ರೋಮಿನ ಕೊಲೋಸಿಯಂ ರಂಗಮಂದಿರವೂ ಈ ನಿಮಿತ್ತ ಬೆಳಗುತ್ತದೆ.

ಧರ್ಮಸಭೆಯ ಬೋಧೆ ಬದಲಾದುದು ನಿಧಾನವಾಗಿ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಅತಿ ಘೋರವಾದ ಅಪರಾಧಗಳಿಗೆ ಮರಣದಂಡನೆಯನ್ನು ಒಪ್ಪಿತ್ತು. 1995ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ತಮ್ಮ ವಿಶ್ವಪತ್ರದಲ್ಲಿ, ಅದು ಅನಿವಾರ್ಯವಾಗುವ ಪ್ರಸಂಗಗಳು ಈ ಕಾಲದಲ್ಲಿ ಇಲ್ಲವೆನ್ನುವಷ್ಟು ವಿರಳವೆಂದರು. ಆ ಸುಮಾರಿಗೆ ವರ್ಜೀನಿಯಾ ರಾಜ್ಯದಲ್ಲಿ ಜೋಸೆಫ್ ಓಡೆಲ್ ಎಂಬವನು ತಾನು ನಿರಪರಾಧಿಯೆಂದು ಸಾರುತ್ತ ದಂಡನೆಯನ್ನು ಕಾಯುತ್ತಿದ್ದ. ಅವನ ಪರವಾಗಿ ಸಿಸ್ಟರ್ ಹೆಲೆನ್ 1997ರ ಜನವರಿಯಲ್ಲಿ ಪೋಪರಿಗೆ ಪತ್ರ ಬರೆದರು. ಕಾಲುಗಳಲ್ಲಿ ಬಲ ಬೇಡಿದ ಸೊನಿಯೆಯ ಸಂಗತಿಯನ್ನು ಅದರಲ್ಲಿ ಹೇಳಿ, ಕೈಕಾಲು ಕಟ್ಟಿ ನಿರಾಯುಧನಾಗಿ ನಿಲ್ಲಿಸಿದವನನ್ನು ಕೊಲ್ಲುವುದರಲ್ಲಿ ಮನುಷ್ಯನ ಘನತೆ ಎಲ್ಲುಳಿಯಿತು ಎಂಬ ಪ್ರಶ್ನೆಯನ್ನಿಟ್ಟರು. ಪೋಪರ ಮನವಿಯೂ ಫಲಿಸದೆ ಓಡೆಲ್ ಆ ಜುಲೈಯಲ್ಲಿ ಸತ್ತನು. ಅವನ ದೇಹವನ್ನು ಇಟಲಿಯ ಪಲೆರ್ಮೋ ನಗರ ತನ್ನ ನೆಲದಲ್ಲಿ ಹೂಳಿಸಿತು. ಅದೇ ವರ್ಷ ಧರ್ಮೋಪದೇಶ ಗ್ರಂಥದ ಮಾತು ತಿದ್ದುಪಡಿಯಾಗಿ, ಜನರನ್ನು ರಕ್ಷಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂಬ ನಿರ್ಬಂಧ ಬಿಗಿಯಾಯಿತು. ಒಂದು ಪತ್ರದಿಂದಲೇ ಇದಾಯಿತೆಂದು ಹೇಳುವುದು ಅತಿಶಯೋಕ್ತಿ. 1999ರ ಜನವರಿಯಲ್ಲಿ ಸೇಂಟ್ ಲೂಯಿಸ್ ನಗರಕ್ಕೆ ಬಂದ ಪೋಪರು ಮಿಸ್ಸೌರಿ ರಾಜ್ಯದ ಗವರ್ನರ್ ಮೆಲ್ ಕಾರ್ನಹಾನ್ ಅವರಲ್ಲಿ ಒಬ್ಬ ಕೈದಿಗಾಗಿ ಬೇಡಿಕೊಂಡರು. ಮರಣದಂಡನೆಯನ್ನು ಸಮರ್ಥಿಸುತ್ತಿದ್ದ ಆ ಗವರ್ನರ್ ಅವನ ಶಿಕ್ಷೆಯನ್ನು ಆಜೀವ ಸೆರೆವಾಸಕ್ಕೆ ಇಳಿಸಿದರು. ಕೊನೆಗೆ 2018ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸ್ ಆ ಭಾಗವನ್ನು ಪೂರ್ತಿ ಬದಲಿಸಿದರು. ಮರಣದಂಡನೆ ಒಪ್ಪತಕ್ಕುದಲ್ಲ, ಲೋಕದಲ್ಲೆಲ್ಲ ಅದನ್ನು ತೊಡೆಯಲು ಧರ್ಮಸಭೆ ದುಡಿಯಬೇಕು ಎಂಬುದು ಅಂದಿನಿಂದ ಕಥೋಲಿಕರ ಅಧಿಕೃತ ಬೋಧೆ. ಅಕ್ವೈನಾಸನ ಕೊಳೆತ ಅಂಗದ ದೃಷ್ಟಾಂತ ಏಳುನೂರು ವರ್ಷಗಳ ಮೇಲೆ ಪಕ್ಕಕ್ಕೆ ಸರಿಯಿತು. ಕೈದಿಯನ್ನು ಅಂಗವೆಂದು ಎಣಿಸುವುದು ವಿದ್ವಾಂಸನಿಗೆ ಸಾಧ್ಯ. ಅವನ ಎದುರು ಕುಳಿತು ಕಾಗದ ಓದಿ ಹೇಳುವವರಿಗೆ ಸಾಧ್ಯವಲ್ಲ.

ಬೋಧೆ ಬದಲಾದರೆ ಆಚಾರ ಬದಲಾಗುತ್ತದೆಂದು ಭಾವಿಸಬೇಕಾಗಿಲ್ಲ. 2021ರಲ್ಲಿ ವರ್ಜೀನಿಯಾ ಮರಣದಂಡನೆಯನ್ನು ತ್ಯಜಿಸಿ, ಹಾಗೆ ತ್ಯಜಿಸಿದ 23ನೆಯ ರಾಜ್ಯವಾಯಿತು. 1973ರಿಂದೀಚೆಗೆ ಅಮೆರಿಕದಲ್ಲಿ ಮರಣದಂಡನೆಗೆ ಗುರಿಯಾಗಿದ್ದವರಲ್ಲಿ ಸುಮಾರು 200 ಮಂದಿ ಅನಂತರ ದೋಷಮುಕ್ತರಾಗಿದ್ದಾರೆ. 2024ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅಮೆರಿಕದ ಮರಣದಂಡಿತರಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿದ ಕೆಲವೇ ದಿನಗಳಲ್ಲಿ ಅಧ್ಯಕ್ಷ ಬೈಡನ್ ಕೇಂದ್ರ ಸರಕಾರದ 40 ಮರಣದಂಡಿತರಲ್ಲಿ 37 ಜನರ ಶಿಕ್ಷೆಯನ್ನು ಇಳಿಸಿದರು. ಆದರೆ ಸಿಸ್ಟರ್ ಹೆಲೆನ್ ಅವರ ಲೂಸಿಯಾನಾ ರಾಜ್ಯದಲ್ಲಿಯೇ, ಕಥೋಲಿಕರಾದ ಗವರ್ನರರ ಆಳಿಕೆಯಲ್ಲಿ, 2024ರಲ್ಲಿ ನೈಟ್ರೋಜನ್ ಅನಿಲದಿಂದ ಕೊಲ್ಲುವ ಕಾನೂನು ಬಂತು. 2025ರ ಮಾರ್ಚ್ 18ರಂದು, ಹದಿನೈದು ವರ್ಷಗಳ ಬಿಡುವಿನ ಅನಂತರ, ಜೆಸ್ಸಿ ಹಾಫ್‌ಮನ್ ಎಂಬವನನ್ನು ಆ ವಿಧಾನದಿಂದ ಕೊಂದರು. ಸೆರೆಮನೆಯಲ್ಲಿದ್ದು ಬೌದ್ಧನಾಗಿದ್ದ ಅವನು ನ್ಯಾಯಾಲಯದ ಮುಂದಿಟ್ಟ ಒಂದು ಕೋರಿಕೆ ಆಧ್ಯಾತ್ಮಿಕ ಸಾಧನೆಯನ್ನು ಬಲ್ಲವರಿಗೆ ತಟ್ಟುವಂಥದು. ಸಾಯುವ ಹೊತ್ತಿನಲ್ಲಿ ಉಸಿರಿನ ಮೇಲೆ ಮನಸ್ಸಿಟ್ಟು ಧ್ಯಾನ ಮಾಡುವುದು ತನ್ನ ಧರ್ಮ, ಅನಿಲವು ಆ ಉಸಿರನ್ನೇ ಕೆಡಿಸುತ್ತದೆ ಎಂದು ಅವನು ವಾದಿಸಿದ. ನ್ಯಾಯಾಲಯ ದಂಡನೆಯನ್ನು ತಡೆಯಲಿಲ್ಲ.

ಕೊನೆಯ ಗಳಿಗೆಯಲ್ಲಿ ಜೊತೆಗಿರುವ ಹಕ್ಕಿಗಾಗಿಯೂ ಹೋರಾಟ ನಡೆದಿದೆ. 2019ರಲ್ಲಿ ಅಲಬಾಮಾ ರಾಜ್ಯ ಒಬ್ಬ ಮುಸಲ್ಮಾನ ಕೈದಿಗೆ ಅವನ ಇಮಾಮರನ್ನು ಹತ್ತಿರ ಬಿಡದೆ ಕೊಂದಿತು. ಮುಂದಿನ ತಿಂಗಳು ಟೆಕ್ಸಾಸಿನ ಬೌದ್ಧ ಕೈದಿಯೊಬ್ಬನ ದಂಡನೆಯನ್ನು ಅದೇ ಕಾರಣಕ್ಕೆ ಸುಪ್ರೀಂ ಕೋರ್ಟು ತಡೆದಾಗ, ಟೆಕ್ಸಾಸಿನವರು ಯಾವ ಧರ್ಮದ ಗುರುವಿಗೂ ಪ್ರವೇಶವಿಲ್ಲವೆಂದು ನಿಯಮ ಮಾಡಿಬಿಟ್ಟರು. ಸಮಾನತೆಯನ್ನು ಹೀಗೂ ಪಾಲಿಸಬಹುದು! 2022ರಲ್ಲಿ ಅದೇ ನ್ಯಾಯಾಲಯ, ಪಾದ್ರಿಯು ಕೈದಿಯ ಮೈಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಲು ಅವಕಾಶವಿರಬೇಕೆಂದು ಎಂಟಕ್ಕೆ ಒಂದು ಮತದಿಂದ ತೀರ್ಪು ಕೊಟ್ಟಿತು. ಪ್ರಾರ್ಥನೆಗೆ ಅನುಮತಿ ದೊರೆಯಿತು, ದಂಡನೆ ಉಳಿಯಿತು.

ಆ ಹುಡುಗನ ತಂದೆಯ ಸಂಗತಿಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಹೊಲದಲ್ಲಿ ಮಗನ ಹೆಣವನ್ನು ಗುರುತಿಸಲು ಹೋದಾಗ ಅವರು ಅಲ್ಲಿಯೇ ಮೊಣಕಾಲೂರಿ ಏಸು ಕಲಿಸಿದ ಪ್ರಾರ್ಥನೆಯನ್ನು ಹೇಳಿದರಂತೆ. ಕ್ಷಮೆಯ ಮಾತು ಬಂದಾಗ, ಇದನ್ನು ಮಾಡಿದವರು ಯಾರೇ ಆಗಿರಲಿ ಕ್ಷಮಿಸಿದೆನೆಂದರಂತೆ. ಸೊನಿಯೆಯ ಸಾವನ್ನು ಅವರು ಬಯಸಿರಲಿಲ್ಲ, ಸೆರೆವಾಸ ಅವರಿಗೆ ಸಾಕಾಗಿತ್ತು. ದಂಡನೆಯ ರಾತ್ರಿ ಅವರು ಅಂಗೋಲಾಕ್ಕೆ ಹೋದುದು ಒಂದು ಕ್ಷಮಾಯಾಚನೆಯನ್ನು ಕೇಳಲು. ಸೊನಿಯೆ ಕುರ್ಚಿಗೆ ಹೋಗುವ ಮುನ್ನ ಅವರ ಕಡೆ ತಿರುಗಿ ಕ್ಷಮೆ ಕೇಳಿದ, ಅವರು ತಲೆಯಾಡಿಸಿದರು. ಹಾಗೆಂದು ಕ್ಷಮೆ ಅವರಿಗೆ ಒಮ್ಮೆಗೇ ದೊರೆತುಬಿಟ್ಟ ಸಿದ್ಧಿಯೇನೂ ಆಗಿರಲಿಲ್ಲ. ಮಗನ ಹುಟ್ಟುಹಬ್ಬ ಬಂದಾಗಲೆಲ್ಲ ದ್ವೇಷ ಮರಳಿ ಬರುತ್ತಿತ್ತು, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಕೊಲೆಗಾರರ ತಾಯಿಯನ್ನು ಊರವರು ಹೀಯಾಳಿಸುತ್ತಿದ್ದರು; ಆಕೆ ಸಾಯುವ ಮುನ್ನ ಇವರು ಹೋಗಿ ಸಮಾಧಾನ ಹೇಳಿಬಂದರು. ಸೇಂಟ್ ಮಾರ್ಟಿನ್‌ವಿಲ್ ಊರಿನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಪ್ರತಿ ಶುಕ್ರವಾರ ಬೆಳಗಿನ ಜಾವ ನಾಲ್ಕರಿಂದ ಐದರವರೆಗೆ ಅವರ ಪ್ರಾರ್ಥನೆಯ ಸರದಿ. ಒಂದು ಶುಕ್ರವಾರ ಸಿಸ್ಟರ್ ಹೆಲೆನ್ ಕತ್ತಲೆಯಲ್ಲಿ ಪ್ರಯಾಣ ಮಾಡಿ ಅಲ್ಲಿಗೆ ಬಂದರು. ಇಬ್ಬರೂ ಮೊಣಕಾಲೂರಿ ಜಪಮಾಲೆ ಹಿಡಿದು ಆ ಒಂದು ಗಂಟೆ ಒಟ್ಟಿಗೆ ಪ್ರಾರ್ಥಿಸಿದರು.